ಸಿಗದ ಕ್ಯೂಬಾ ಸ್ಟೇಷನ್

ನಮ್ಮ ಯಜಮಾನರಿಗೆ ಸ್ಪ್ಯಾನಿಷ್‌ನಲ್ಲಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಹೊನ್ನವಳ್ಳಿಯ ತೋಟದಲ್ಲಿ ಎರಡು ತೆಂಗಿನ ಮರಗಳ ನಡುವೆ ತಂತಿ ಕಟ್ಟಿ, ದಿನಾ ಮುಂಜಾನೆ ಶಾರ್ಟ್‌ವೇವಿನಲ್ಲಿ ಕ್ಯೂಬಾ ಸರ್ಕಾರದ ಸ್ಟೇಷನ್ ಹಿಡಿದು ಕೂರುತ್ತಿದ್ದರು. ಅದು ಬಡವರ ರಾಜ್ಯದ ದನಿಯಂತೆ. "ಮನೆಗೆ ಉಪ್ಪು ತನ್ನಿ ಅಂದ್ರೆ ಕ್ರಾಂತಿ ಮಾಡ್ತಾರೆ" ಎಂದು ನಾನು ಅಣಕಿಸುತ್ತಿದ್ದೆ.

ಜೊತೆಗೆ ಕೂರುತ್ತಿದ್ದವರು ಕೊಬ್ಬರಿ ವ್ಯಾಪಾರದ ಶ್ರೀರಂಗಯ್ಯ. ಅವರಿಗೆ ಬೇಕಾದದ್ದು, ಅಮೆರಿಕದಿಂದ ಅದೇ ಭಾಷೆಯಲ್ಲಿ ಕ್ಯೂಬಾ ಸರ್ಕಾರವನ್ನು ಬೈಯುವ ಸ್ಟೇಷನ್. "ನಿನ್ನ ಸ್ವರ್ಗದಿಂದ ಜನ ದೋಣಿ ಹತ್ತಿ ಓಡೋಗ್ತಾವ್ರೆ ಕಣ್ಲಾ" ಎಂದು ಒಮ್ಮೆ ನಕ್ಕರು. ಯಜಮಾನರು ಕಾಫಿ ಲೋಟ ಎಸೆದರು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಕಾಣದ ದೇಶಕ್ಕಾಗಿ ಕಣ್ಣೆದುರಿನ ಗೆಳೆಯನನ್ನು ಬಿಟ್ಟ ಪುಣ್ಯಾತ್ಮರು! ನನಗೆ ಇಂದಿಗೂ ಸಿಟ್ಟು.

ಹೋದ ವರ್ಷ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. "ಇಷ್ಟದ ದನಿ ಕೇಳಿಸಿ, ಮಾತು ಮರಳಿದರೂ ಮರಳಬಹುದು" ಎಂದರು ತಿಪಟೂರಿನ ಡಾಕ್ಟರು. ನನ್ನನ್ನು ಬೈದರೂ ಸಾಕಿತ್ತು. ನಾನು ರೇಡಿಯೋ ಹಾಕಿದರೆ ಬರೀ ಕರಕರ. ಬಿಗುಮಾನ ಬಿಟ್ಟು ಶ್ರೀರಂಗಯ್ಯನವರ ಮನೆಗೆ ಹೋದೆ. ಅವರು ಚಪ್ಪಲಿಯನ್ನೂ ಮೆಟ್ಟದೆ ಬಂದರು.

ಗುಂಡಿ ಎಷ್ಟು ತಿರುಗಿಸಿದರೂ ಕ್ಯೂಬಾ ಸಿಗಲಿಲ್ಲ. "ಅಲ್ಲಿ ದೇಶಕ್ಕೆ ದೇಶವೇ ಕರೆಂಟ್ ಹೋಗೈತಂತೆ, ಕಲ್ಲಮ್ಮ" ಎಂದು ನನ್ನ ಬಳಿ ಪಿಸುಗುಟ್ಟಿದರು. "ನಮ್ದು, ಅಮೆರಿಕದ್ದು, ಸಿಗ್ತೈತೆ. ಅದೂ ಅದೇ ಭಾಷೆ. ಹಾಕ್ಲಾ?"

ನಾನು ಹೂಂ ಅಂದೆ.

ಸ್ಪ್ಯಾನಿಷ್ ಮಾತು ಕೋಣೆ ತುಂಬಿತು. ಶ್ರೀರಂಗಯ್ಯ ಹಾಸಿಗೆಯ ಪಕ್ಕ ಕೂತು, "ನಿನ್ನ ಕ್ಯೂಬಾನೇ ಕಣ್ಲಾ ಸಿದ್ದ, ಕೇಳು" ಎಂದರು.

ಅಟ್ಟದ ಮೇಲಿನ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿಯಾಗಿದೆಯೋ ಇನ್ನೂ ನೀರಿದೆಯೋ ಎಂದು ಹೇಳುತ್ತಿದ್ದ ಮನುಷ್ಯ ನಮ್ಮ ಯಜಮಾನರು. ಆ ಕಿವಿಗೆ ಲಕ್ವ ಹೊಡೆದಿಲ್ಲವೆಂಬುದನ್ನು ನಾವಿಬ್ಬರೂ ಮರೆತಿದ್ದೆವು. ಅವರು ರೇಡಿಯೋ ನೋಡಿದರು, ಗೆಳೆಯನನ್ನು ನೋಡಿದರು, ಆಮೇಲೆ ನನ್ನನ್ನು. ತುಟಿ ಅದುರಿತು.

"ಸು... ಳ್ಳು."

"ತಪ್ಪಾಯ್ತು ಕಣ್ಲಾ, ಕಲ್ಲಮ್ಮಂದೇನಿಲ್ಲ, ನಂದೇ ತಪ್ಪು" ಎಂದು ಶ್ರೀರಂಗಯ್ಯ ಗೆಳೆಯನ ಕಾಲು ಹಿಡಿದು ಅತ್ತರು. ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿದರು. ಮತ್ತೆ ಬಾಯಿ ಬಿಡಲಿಲ್ಲ. ಆ ವಾರವೇ ತೀರಿಕೊಂಡರು.

ಅವರ ಒಂದು ಮಾತಿಗಾಗಿ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಿದ್ದೆ. ಮಾತು ಬಂತು. ಅದನ್ನು ಹೇಳುವಾಗ ಅವರು ನೋಡುತ್ತಿದ್ದದ್ದು ರೇಡಿಯೋವನ್ನಲ್ಲ, ನನ್ನನ್ನು.