ಬಿಸಿಲಿತ್ತು, ಕರೆಂಟ್ ಇರಲಿಲ್ಲ

ಬಯಾನ್ ಲೆಪಾಸ್‌ನಲ್ಲಿ ನಮ್ಮ ಬೀದಿಯ ಕರೆಂಟ್ ಹೋಗುವುದೇ ಅಪರೂಪ. ಹೋದರೂ ನಮಗೇನು ಎಂದು ಮನೆಯವರೆಲ್ಲ ನಂಬಿದ್ದೆವು. ನಮ್ಮ ಮನೆಯ ಮೇಲೆ ಸೋಲಾರ್ ಪ್ಯಾನೆಲ್ ಇತ್ತು.

ಅದು ಕೊರೊನಾದ ಎರಡನೆಯ ವರ್ಷ. ಆಸ್ಪತ್ರೆಗಳು ತುಂಬಿದ್ದವು. ಸೋಂಕು ಹೋದ ಮೇಲೂ ಅಕ್ಕ ಚಾಮುಂಡಿಗೆ ಉಸಿರು ಸಾಲುತ್ತಿರಲಿಲ್ಲ. ಆಕ್ಸಿಜನ್ ಮೆಷಿನ್ ಇಟ್ಟುಕೊಳ್ಳಿ ಎಂದು ಹೇಳಿ ಮನೆಗೆ ಕಳಿಸಿದ್ದರು. ಅದು ಓಡುವುದು ಕರೆಂಟಿನಲ್ಲಿ. ಕೊರೊನಾಕ್ಕೆ ಮೊದಲೇ ಮೈಸೂರಿನಿಂದ ಈ ಪರದೇಶಕ್ಕೆ ಅಕ್ಕನನ್ನು ನೋಡಲು ಬಂದಿದ್ದ ನಾನು, ವಿಮಾನಗಳು ನಿಂತು ಇಲ್ಲೇ ಉಳಿದಿದ್ದೆ.

ಪಕ್ಕದ ಮನೆಯ ಬಿಲ್ಕಿಸ್ ಹುಬ್ಬಳ್ಳಿಯವರು, ಇಲ್ಲಿನ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಒಂದು ಸಂಜೆ ಗೋಡೆಯ ಆಚೆಯಿಂದ ಭಾವನನ್ನು ಕೇಳಿದರು.

“ಗಂಗಾಧರಣ್ಣಾ, ಬ್ಯಾಟರಿ ಹಾಕಿಸೀರೇನ್ರಿ?”

“ಯಾಕ್ರೀ ಬೇಕು? ಬೆಂಗಳೂರಲ್ಲಿ ಯುಪಿಎಸ್‌ಗೆ ನೀರು ಹಾಕಿ ಹಾಕಿ ಸಾಕಾಗಿದೆ. ಇಲ್ಲಿ ಸೂರ್ಯನೇ ನಮ್ಮ ಯುಪಿಎಸ್.”

“ನಿಮ್ಮ ಸೂರ್ಯನ ಸ್ವಿಚ್ ಬೀದಿ ಲೈನಿನ ಕೈಯಾಗ ಐತ್ರೀ. ಲೈನ್ ಹೋದ್ರ ನಿಮ್ಮ ಪ್ಯಾನೆಲ್ಲೂ ಬಂದ್. ರಿಪೇರಿ ಮಾಡೋರಿಗೆ ಶಾಕ್ ಹೊಡೀಬಾರ್ದಂತ ಹಂಗ ಮಾಡಿರ್ತಾರ. ಬ್ಯಾಟರಿ, ಅದಕ್ಕ ಹೊಂದೋ ಇನ್ವರ್ಟರ್ ಇದ್ರಷ್ಟ ಮನಿಗೆ ಕರೆಂಟ್.”

“ಹಗಲು ಹೊತ್ತಲ್ಲಿ ಹಾಗೆಲ್ಲ ಆಗಲ್ಲ ಲಾ!” ಭಾವ ಇಲ್ಲಿನವರಂತೆ ಮಾತಿನ ಕೊನೆಗೆ ‘ಲಾ’ ಸೇರಿಸಿ ನಕ್ಕರು.

ಒಳಗಿಂದ ಅಕ್ಕ, “ಅವರ ಮಾತಾದ್ರೂ ಕೇಳ್ರೀ. ನನ್ನ ಮಾತಂತೂ ಕೇಳಲ್ಲ” ಎಂದಳು. ಅಷ್ಟು ಹೇಳುವುದಕ್ಕೇ ನಡುವೆ ನಿಂತು ಉಸಿರೆಳೆದುಕೊಂಡಳು.

ಆ ವಾರವೇ ಒಂದು ಮಧ್ಯಾಹ್ನ ಮೆಷಿನ್ ಕಿರುಚಿಕೊಂಡು ನಿಂತಿತು. ಬೀದಿಯ ಲೈನ್ ಹೋಗಿತ್ತು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಭಾವ ಗೋಡೆಯ ಮೇಲಿನ ಇನ್ವರ್ಟರ್ ಪೆಟ್ಟಿಗೆಯ ಮುಂದೆ ನಿಂತು ಸ್ವಿಚ್ ಹಾಕಿದರು, ತೆಗೆದರು, ಮತ್ತೆ ಹಾಕಿದರು.

“ಭಾವ, ಆಂಬುಲೆನ್ಸ್ ಕರೀರಿ.”

“ತಡಿ ತಡಿ, ಇಷ್ಟು ಬಿಸಿಲಿದೆ. ಈಗ ಬಂದ್ಬಿಡುತ್ತೆ.”

ಬರಲಿಲ್ಲ. ಅಕ್ಕ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಅವಳ ಉಗುರು ನೀಲಿಯಾಗುತ್ತಿತ್ತು. ಆ ಕೈ ಬಿಡಿಸಿಕೊಂಡು ಹಿಂದಿನ ಬಾಗಿಲಿಗೆ ಓಡಿ ಕೂಗಿದೆ. ಬಿಲ್ಕಿಸ್ ತಮ್ಮ ಮನೆಯ ಬ್ಯಾಟರಿಯ ಪ್ಲಗ್ಗಿನಿಂದ ಉದ್ದನೆಯ ವೈರ್ ಎಳೆದು ಗೋಡೆಯ ಮೇಲಿಂದ ಕೊಟ್ಟರು. ಆಂಬುಲೆನ್ಸಿಗೂ ಅವರೇ ಫೋನ್ ಮಾಡಿದರು.

ಮೆಷಿನ್ ಶುರುವಾಯಿತು. ಅಕ್ಕ ಕಣ್ಣು ತೆರೆಯಲಿಲ್ಲ. ಆಸ್ಪತ್ರೆಯಲ್ಲಿ ನಮ್ಮನ್ನು ಒಳಗೆ ಬಿಡಲಿಲ್ಲ. ಅವಳು ಮನೆಗೆ ಮರಳಲೂ ಇಲ್ಲ.

“ಮೊದಲೇ ವೈರ್ ಎಳೆದಿದ್ರೆ ಉಳೀತಿದ್ಳಾ?” ಭಾವ ಬಿಲ್ಕಿಸ್‌ರನ್ನು ಕೇಳಿದರು.

“ನನಗ ಗೊತ್ತಿಲ್ಲಣ್ಣಾ” ಎಂದು ಅವರು ತಲೆ ತಗ್ಗಿಸಿದರು.

ಈಗ ನಮ್ಮ ಮನೆಗೂ ಬ್ಯಾಟರಿ ಬಂದಿದೆ. ಅಕ್ಕ ಮಲಗುತ್ತಿದ್ದ ಕೋಣೆಗೇ ಮೊದಲು ಲೈನ್ ಕೊಡಿಸಿದ್ದಾರೆ ಭಾವ. ಆ ಪ್ಲಗ್ಗಿಗೆ ಹಾಕಲು ನಮ್ಮಲ್ಲಿ ಏನೂ ಇಲ್ಲ.

ಮನೆಯ ಮೇಲೆ ಪ್ಯಾನೆಲ್ ಇರುವವರೇ, ಹಾಕಿಕೊಟ್ಟವರನ್ನು ಇವತ್ತೇ ಕೇಳಿ: ಬೀದಿಯ ಲೈನ್ ಹೋದರೆ ನಮ್ಮ ಯಾವ ಪ್ಲಗ್ಗಿನಲ್ಲಿ ಕರೆಂಟ್ ಇರುತ್ತದೆ, ಎಷ್ಟು ಹೊತ್ತು? ಬಾಯಿಮಾತು ನಂಬಬೇಡಿ, ಅವರ ಕೈಯಲ್ಲೇ ಮೇನ್ ಆಫ್ ಮಾಡಿಸಿ ನೋಡಿ. ಉಸಿರಿನ ಮೆಷಿನ್ ಇರುವ ಮನೆಯಲ್ಲಿ ಬ್ಯಾಟರಿಯ ಜೊತೆ ತುಂಬಿದ ಆಕ್ಸಿಜನ್ ಸಿಲಿಂಡರ್ ಕೂಡ ಇರಲಿ. ಮೆಷಿನ್ ನಿಂತರೆ ಕರೆಂಟಿಗಾಗಿ ಕಾಯಬೇಡಿ, ಕೂಡಲೇ ಆಂಬುಲೆನ್ಸ್ ಕರೆಯಿರಿ. ನೆರೆಯವರನ್ನು ಕೂಗಿ. ಸಂಕೋಚಪಡಬೇಡಿ.