ಮೂರನೇ ಗುಡ್ಡಕ್ಕೆ ಒಂದು ಅಂಕಿ

ಬಕೆಟ್ಟಿನ ನೀರು ಬೂದಿ ಬಣ್ಣಕ್ಕೆ ತಿರುಗುತ್ತಿದೆ, ನಿನ್ನೆಯ ಸೈಕಲ್ ಚಡ್ಡಿ ಉಪ್ಪು ಬಿಡುತ್ತಿದೆ, ಬೆವರು ಒಣಗಿ ಕೂತ ಬಿಳಿ ಗೆರೆಗಳು ಸೊಂಟದ ಸುತ್ತ ಒಂದರೊಳಗೊಂದು, ನಕಾಶೆಯಲ್ಲಿ ಗುಡ್ಡದ ಎತ್ತರಕ್ಕೆ ಎಳೆಯುವ ಗೆರೆಗಳ ಹಾಗೆ, ಸಾಕಪ್ಪಾ, ಗುಡ್ಡ ಬಚ್ಚಲಿಗೂ ಬಂತು — ಸೋಪು ಹಾಕಿ ಉಜ್ಜಬೇಕು, ಬೆರಳು ಮಡಚುತ್ತಿಲ್ಲ, ಇಡೀ ದಿನ ಬ್ರೇಕು ಹಿಡಿದ ಬೆರಳು, ಬಾಗಿದರೆ ತೊಡೆ ಬೇಡ ಅನ್ನುತ್ತದೆ, ಕೂತರೆ ಏಳಲು ಗೋಡೆ ಬೇಕು, ಅಷ್ಟರಲ್ಲಿ ಫೋನು, ಅಡುಗೆಮನೆಯ ಕಟ್ಟೆಯ ಮೇಲೆ ಗಡಗಡ ಅನ್ನುತ್ತಿದೆ, ಬೇಗ ಎತ್ತಬೇಕು, ಇವರು ರಾತ್ರಿ ಪಾಳಿ ಮುಗಿಸಿ ಬಂದು ಈಗಷ್ಟೇ ಕಣ್ಣು ಮುಚ್ಚಿದ್ದಾರೆ, ಒದ್ದೆ ಕೈಯನ್ನು ನೈಟಿಗೆ ಒರೆಸಿಕೊಂಡು ಓಡಿದೆ ಅಂದುಕೊಂಡೆ, ಓಡಲಿಲ್ಲ, ಬಾತುಕೋಳಿಯ ಹಾಗೆ ಹೋದೆ. ಏನಮ್ಮಾ ಮೀಟರು, ಎದ್ಯಾ, ಇಲ್ಲಾ ಇನ್ನೂ ಗುಡ್ಡದ ಮೇಲೇ ಇದ್ದೀಯಾ? ಸೀಟಿ ಮೇಷ್ಟ್ರು. ಕತ್ತಿನಲ್ಲಿ ಸೀಟಿ ಇಲ್ಲದೆ ಅವರನ್ನು ಕಂಡವರಿಲ್ಲ, ನನಗೆ ಈಜು ಕಲಿಸಿದವರು, ಈಗ ಈ ದೊಡ್ಡ ಟ್ರಯಥ್ಲಾನ್ ನಡೆಸುವವರು, ಕೆರೆಯಲ್ಲಿ ಈಜು, ಮೂರು ಗುಡ್ಡ ಹತ್ತಿ ಇಳಿಯುವ ಸೈಕಲ್ಲು, ಆಮೇಲೆ ಓಟ, ಬೆಳಕಿಗೆ ಮೊದಲೇ ಶುರು ಮಾಡಿದರೂ ಕತ್ತಲಾಗುವವರೆಗೆ ಮುಗಿಯದ ಸ್ಪರ್ಧೆ, ಆ ಹಾದಿಯನ್ನು ಮೊದಲೇ ಹೋಗಿ ನೋಡಿಬಂದು ಎಷ್ಟು ಕಷ್ಟ ಅಂತ ಒಂದರಿಂದ ಐದರೊಳಗೆ ಅಂಕಿ ಹೇಳುವುದು ನನ್ನ ಕೆಲಸ, ವರ್ಷಗಳಿಂದ ನನ್ನದೇ, ಅದಕ್ಕೇ ಮೀಟರು ಅಂತ ಹೆಸರಿಟ್ಟಿದ್ದಾರೆ, ಈ ಮೀಟರು ಸುಳ್ಳು ಹೇಳಲ್ಲ ಕಣ್ರೀ ಅಂತ ಎಲ್ಲರೆದುರು ಬೆನ್ನು ತಟ್ಟುತ್ತಾರೆ. ಹಾದಿಯ ನಕಾಶೆ ಪ್ರಿಂಟ್ ಮಾಡೋನು ನನ್ನ ಪ್ರಾಣ ತಿಂತಿದ್ದಾನೆ, ಮೊದಲೆರಡು ಗುಡ್ಡಕ್ಕೆ ಮೂರು ಅಂದೆ, ಒಪ್ಪಿದೆ, ಮೂರನೇದು ನಾಲ್ಕಾ ಐದಾ, ಒಂದು ಮಾತು ಒಗೆದುಬಿಡು. ಪುಟ್ಟಿನ ಸ್ಕೂಲಿಗೆ ಕಳಿಸಿ ಹೇಳ್ತೀನಿ ಮೇಷ್ಟ್ರೇ. ಅವಳ ಜಡೆ ಹಾಕೋವಷ್ಟು ಹೊತ್ತು ಕೊಟ್ಟೆ, ಮತ್ತೆ ಮಾಡ್ತೀನಿ, ಜಡೆ ಉದ್ದ ಮಾಡ್ಬೇಡ.

ಜಡೆ. ಬಾಚಣಿಗೆ ಎಲ್ಲಿ, ಕಿಟಕಿಯಲ್ಲಿ, ಕಿಟಕಿಯ ಪಕ್ಕ ಸೈಕಲ್ಲು ಗೋಡೆಗೆ ಒರಗಿ ನಿಂತಿದೆ, ಅದಕ್ಕೇನೂ ಆಗಿಲ್ಲ, ಅದರ ಮೇಲೆ ಕೂತವಳಿಗೆ ಆಗಿದೆ. ಪುಟ್ಟಿ ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತಾ ಮಗ್ಗಿ ಹೇಳುತ್ತಿದ್ದಾಳೆ, ಇವತ್ತು ಒಪ್ಪಿಸಬೇಕಂತೆ, ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು, ಬೈತಲೆ ಸೊಟ್ಟಗಾಯಿತು, ಬಿಚ್ಚಿ ಮತ್ತೆ ತೆಗೆಯಬೇಕು, ತಲೆ ಅಲ್ಲಾಡಿಸಬೇಡ ಚಿನ್ನ, ಹದಿಮೂರ್ಮೂರ್ಲ ಮೂವತ್ತೊಂಬತ್ತು. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಾಳೆ. ನಿನ್ನೆ ಸಂಜೆಯಿಂದ ಹೀಗೇ, ಬಾಯಿ ತೆರೆಯುತ್ತಾಳೆ, ಏನೋ ಕೇಳಬೇಕು ಅನ್ನುವ ಮುಖ, ಮತ್ತೆ ಮುಚ್ಚುತ್ತಾಳೆ, ರಾತ್ರಿ ದಿಂಬಿಗೆ ತಲೆ ಕೊಟ್ಟಾಗಲೂ ಅಮ್ಮಾ ಅಂದಳು, ಏನು ಪುಟ್ಟಿ ಅಂದೆ, ಏನಿಲ್ಲ ಅಂದಳು, ನಾನೂ ಕೆದಕಲಿಲ್ಲ, ಕೆದಕಿದರೆ ಏನು ಬರುತ್ತದೆ ಅಂತ ಗೊತ್ತಿದ್ದವಳ ಹಾಗೆ ದೀಪ ಆರಿಸಿದೆ. ಹದಿಮೂರ್ನಾಲ್ಕ್ಲ — ಹದಿಮೂರ್ನಾಲ್ಕ್ಲ — ಐವತ್ತೆರಡು ಕಣೇ. ಅಮ್ಮ, ಹೇಳ್ಕೊಡಬೇಡ, ನಂಗೆ ಬಾಯಿಗೆ ಬಂದಿತ್ತು. ಬಂದಿದ್ದರೆ ಉಗುಳಬೇಕಿತ್ತಮ್ಮಾ. ನಗುತ್ತಾಳೆ, ಹಾಲುಹಲ್ಲು ಬಿದ್ದ ಜಾಗ ಕಾಣುತ್ತದೆ, ಅಯ್ಯೋ ನನ್ನ ಕಂದ. ನನ್ನ ಅಳತೆಯೂ ಅದೇ ಮಗ್ಗಿ, ಯಾರಿಗೂ ಗೊತ್ತಿಲ್ಲ, ಗಡಿಯಾರ, ಎದೆಬಡಿತ ಎಣಿಸಲು ಎದೆಗೆ ಕಟ್ಟುವ ಪಟ್ಟಿ ಎಲ್ಲ ಕೊಡುತ್ತೀವಿ ಅಂದರು, ಬೇಡ ಅಂದೆ, ಏರು ಶುರುವಾದ ಕೂಡಲೇ ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ತುಳಿಯುತ್ತೇನೆ, ನೂರಾ ಮೂವತ್ತರವರೆಗೆ ಉಸಿರು ಕಟ್ಟದೆ ಹೋದರೆ ಸಾಧಾರಣ, ಅಂದರೆ ಮೂರು, ನಡುವೆ ಎರಡು ಸಲ ಮುರಿದರೆ ನಾಲ್ಕು, ಐದಕ್ಕೆ ಮಾತ್ರ ಮೇಷ್ಟ್ರದೇ ಒಂದು ಕಾನೂನು, ಅಂಕಿ ಹಾಕುವವರ ಕಾಲು ನೆಲ ಮುಟ್ಟಿತೋ, ಅದು ಐದು, ಆಮೇಲೆ ವಾದ ಬೇಡ, ಗಾಳಿ ಇತ್ತು ಬಿಸಿಲಿತ್ತು ಅನ್ನೋ ಪುರಾಣ ಬೇಡ. ಇಷ್ಟು ವರ್ಷದಲ್ಲಿ ನನ್ನ ಕಾಲು ನೆಲ ಮುಟ್ಟಿರಲಿಲ್ಲ.

ಎಡಗಾಲು. ಕೆಂಪು ಶೂ, ರಸ್ತೆಯಂಚಿನ ಬಿಳಿ ಪಟ್ಟೆಯ ಮೇಲೆ. ಬೇಡ, ಅದು ಬೇಡ, ಕೂದಲು ಮೂರು ಪಾಲು ಮಾಡು, ಇದು ಮೇಲೆ, ಇದು ಕೆಳಗೆ — ಕೆರೆಯ ನೀರು ಎಷ್ಟು ತಣ್ಣಗಿತ್ತು, ಈಜಿ ಬಂದು ಸೈಕಲ್ ಹತ್ತುವಾಗ ಚೆನ್ನಾಗಿಯೇ ಇದ್ದೆ, ಮೊದಲ ಗುಡ್ಡ ಸುತ್ತಿ ಸುತ್ತಿ ಏರುತ್ತದೆ, ಮರದ ನೆರಳು, ಮಗ್ಗಿ ಮುಗಿಸಿ ಹದಿನಾಲ್ಕರದ್ದೂ ಶುರು ಮಾಡಿದೆ, ಎರಡನೆಯದು ಉದ್ದ ಆದರೆ ಸಾಧು, ಎತ್ತಿನಂಥ ಗುಡ್ಡ, ಆಮೇಲೆ ಬಯಲು, ಬಯಲಲ್ಲಿ ಎದುರು ಗಾಳಿ, ಮುಗಿಯದ ಬಯಲು, ಅದು ಕಾಗದದಲ್ಲಿ ಬರೀ ನೇರ ಗೆರೆ, ಅದಕ್ಕೆ ಯಾರೂ ಅಂಕಿ ಕೇಳುವುದಿಲ್ಲ, ಮನೆಗೆಲಸದ ಹಾಗೆ, ಕಾಣುವುದಿಲ್ಲ, ಕಾಲನ್ನು ಮಾತ್ರ ತಿಂದು ಹಾಕುತ್ತದೆ. ಆಮೇಲೆ ಮೂರನೇ ಗುಡ್ಡ, ಗೋಡೆ ನಿಲ್ಲಿಸಿದ ಹಾಗೆ. ನೆತ್ತಿಯ ಮೇಲೆ ಬಿಸಿಲು, ನೆರಳಿಗೆ ಒಂದು ಗಿಡವಿಲ್ಲ, ಮುಂದೆ ನನ್ನ ತಮ್ಮ ವ್ಯಾನು ಓಡಿಸುತ್ತಿದ್ದಾನೆ, ಹಿಂದಿನ ಗಾಜಿನಲ್ಲಿ ಪುಟ್ಟಿ ನೀರಿನ ಬಾಟಲಿ ಎತ್ತಿ ಆಡಿಸುತ್ತಿದ್ದಾಳೆ, ಅಮ್ಮಾ ಬಾ ಬಾ, ಹದಿಮೂರೊಂದ್ಲ, ಹದಿಮೂರೆರಡ್ಲ, ಮೂವತ್ತೊಂಬತ್ತು ಅನ್ನುವಷ್ಟರಲ್ಲಿ ಬಾಯಿಗೆ ಕಬ್ಬಿಣದ ರುಚಿ, ಹದಿಮೂರ್ನಾಲ್ಕ್ಲ — ಮುಂದಿನದು ಇಲ್ಲ, ಅಂಕಿಯೇ ಇಲ್ಲ, ತಲೆಯಲ್ಲಿ ಬಿಳಿ ಬಿಸಿಲು ಅಷ್ಟೇ, ವ್ಯಾನು ತಿರುವಿನಲ್ಲಿ ಮರೆಯಾಯಿತು ಅಂದುಕೊಂಡೆ, ಸೈಕಲ್ಲು ನಿಂತಿತು, ಪೆಡಲಿಗೆ ಕಚ್ಚಿಕೊಂಡಿದ್ದ ಶೂ ಕಳಚಿ ಕಟ್ ಅಂತ ಸದ್ದಾಯಿತು, ಬಿಳಿ ಪಟ್ಟೆಯ ಮೇಲೆ ಕೆಂಪು ಶೂ. ಎಷ್ಟು ಹೊತ್ತು ನಿಂತೆನೋ, ಹ್ಯಾಂಡಲಿನ ಮೇಲೆ ಹಣೆ ಇಟ್ಟು, ಆಮೇಲೆ ಹತ್ತಿ ತುಳಿದೆ, ತುದಿಯಲ್ಲಿ ತಮ್ಮ ವ್ಯಾನಿಗೆ ಒರಗಿ ಕಡಲೆಬೀಜ ತಿನ್ನುತ್ತಿದ್ದ, ಏನಕ್ಕ, ನಿದ್ದೆ ಮಾಡ್ಕೊಂಡು ಬಂದ್ಯಾ, ನಾನು ಇನ್ನೊಂದು ಮದುವೆಯಾಗಿ ಎರಡು ಮಕ್ಕಳನ್ನ ಓದಿಸಿಬಿಡ್ತಿದ್ದೆ. ಇರೋ ಹೆಂಡತಿ ಹತ್ರ ಮೊದಲು ಉಳ್ಕೊಳೋ. ಹೆಂಗಿತ್ತು? ಪರವಾಗಿಲ್ಲ ಕಣೋ ಅಂದೆ. ಪರವಾಗಿಲ್ಲ. ಪುಟ್ಟಿ ಬಾಟಲಿ ಕೊಟ್ಟಳು, ಮುಚ್ಚಳ ತೆಗೆದೇ ಕೊಟ್ಟಳು.

ಗುಡ್ಡ ಕಷ್ಟವೋ, ನಾನು ಸವೆದಿದ್ದೇನೋ. ಒಂದು ಜಡೆ ಆಯಿತು, ರಿಬ್ಬನ್ನು ಎಲ್ಲಿ, ಹಲ್ಲಲ್ಲಿ ಕಚ್ಚಿಕೊಂಡಿದ್ದೇನೆ, ನೋಡು ಬುದ್ಧಿ. ಇದೇ ಗುಡ್ಡ, ಪುಟ್ಟಿ ಅಂಗನವಾಡಿಗೆ — ಇಲ್ಲ, ಇನ್ನೂ ತೊಟ್ಟಿಲಲ್ಲಿದ್ದಾಗ, ಮೇಷ್ಟ್ರು ಆಗ ನಡೆಸಿದ ಒಂದು ಚಿಕ್ಕ ಸ್ಪರ್ಧೆಗೆ ಇದೇ ಗುಡ್ಡವನ್ನು ಮಗ್ಗಿ ಹೇಳುತ್ತಾ ಹತ್ತಿ ಮೂರು ಅಂದವಳು ನಾನೇ, ಮೇಷ್ಟ್ರಿಗೆ ನೆನಪಿದೆ, ಅವರಿಗೆ ಏನು ಮರೆಯುತ್ತದೆ, ಗುಡ್ಡವೇನು ರಾತ್ರಿ ಬೆಳೆಯುತ್ತದೆಯೇ, ಬೆಳೆದಿಲ್ಲ, ಹೋದ ವರ್ಷ ಬಂದ ದೊಡ್ಡ ಜ್ವರದ ಮೇಲೆ ಮೈ ಮೊದಲಿನ ಹಾಗಿಲ್ಲ, ಎದ್ದರೆ ಸುಸ್ತು, ಕೂತರೆ ಸುಸ್ತು, ತಕ್ಕಡಿಯೇ ಸವೆದ ಮೇಲೆ ಅದು ಹೇಳಿದ ತೂಕಕ್ಕೆ ಏನು ಬೆಲೆ. ಐದು ಅಂದರೆ ಕಾಲು ಇಟ್ಟೆ ಅಂತ ಒಪ್ಪಬೇಕು, ಆಮೇಲೆ ಮೀಟರು ಕೆಟ್ಟಿದೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮುಂದಿನ ಸಲ ಫೋನು ಬರುವುದಿಲ್ಲ, ಅಷ್ಟೇ, ಇದೊಂದೇ ಕೆಲಸ, ಇದೊಂದರಲ್ಲೇ ನಾನು ಯಾರ ಅಮ್ಮನೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ನಾಲ್ಕು ಅಂದರೆ ಎಲ್ಲ ಸರಾಗ. ಆದರೆ ಬೇಕರಿಯಾಕೆ. ಪಾಪ, ಮೊದಲ ಸಲ ಹೆಸರು ಕೊಟ್ಟಿದ್ದಾಳೆ, ಮುಂಜಾನೆ ಬ್ರೆಡ್ಡು ಬೇಯಿಸಿಟ್ಟು ಈಜಲು ಬರುತ್ತಾಳೆ, ತಲೆಗೂದಲಲ್ಲಿ ಹಿಟ್ಟು ಇರುತ್ತದೆ, ಅಕ್ಕಾ, ಗಡುವಿನೊಳಗೆ ಮುಗಿಸ್ತೀನಾ, ಸುಳ್ಳು ಹೇಳಬೇಡಿ ಅಕ್ಕಾ. ಐದು ಅಂದರೆ ಆಕೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ, ಗುಡ್ಡದ ನಡುವೆ ಎರಡು ಕಡೆ ನೀರಿನ ಮೇಜು, ನೆರಳಿಗೆ ಒಂದು ಶಾಮಿಯಾನ, ಒಬ್ಬ ಡಾಕ್ಟರು. ನಾಲ್ಕು ಅಂದರೆ ಅವಳು ಆ ಬಿಸಿಲಲ್ಲಿ, ಆ ತಿರುವಿನಲ್ಲಿ, ಖಾಲಿ ಬಾಟಲಿ ಹಿಡಿದು — ಮತ್ತೆ ಬಿಳಿ ಪಟ್ಟೆ, ಕೆಂಪು ಶೂ. ಅಲ್ಲ, ಮೂರು ಅಂದ ದಿನ ನಾನು ಆ ಗುಡ್ಡವನ್ನು ಬೆಳಿಗ್ಗೆ ಎದ್ದು ಕಾಫಿ ಕುಡಿದು ಹತ್ತಿದ್ದೆ, ಅದೇ ಮೊದಲನೆಯದು, ನಿನ್ನೆ ಅದರ ಮುಂಚೆ ಕೆರೆ ಇತ್ತು, ಎರಡು ಗುಡ್ಡ ಇತ್ತು, ಬಯಲಿತ್ತು, ಗುಡ್ಡ ಅದೇ, ಅದರ ಬುಡಕ್ಕೆ ಬಂದು ನಿಂತವಳು ಬೇರೆ, ಸಂಜೆ ಪಾತ್ರೆ ತೊಳೆಯುವುದೂ ಬೆಳಿಗ್ಗೆ ಪಾತ್ರೆ ತೊಳೆಯುವುದೂ ಒಂದೇನಾ, ಪಾತ್ರೆ ಅವೇ — ಇದನ್ನು ಮೇಷ್ಟ್ರಿಗೆ ಹೇಗೆ ಹೇಳಲಿ, ನೆಪ ಅಂದುಕೊಳ್ಳುತ್ತಾರೆ, ನನಗೇ ನೆಪದ ಹಾಗೆ ಕೇಳಿಸುತ್ತಿದೆ, ಯೋಚನೆ ಮಾಡುವುದಕ್ಕೂ ಶಕ್ತಿ ಬೇಕು, ಇಲ್ಲ, ನಾಲ್ಕು ಅಂದುಬಿಡುತ್ತೇನೆ, ಬೇಕರಿಯಾಕೆಗೆ ನಾನೇ ನೀರು ಹಿಡಿದು ನಿಂತರಾಯಿತು, ನಾನೇ.

ಫೋನು. ಎರಡು ಕೈಯಲ್ಲೂ ಅರ್ಧ ಹೆಣೆದ ಜಡೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ, ಪುಟ್ಟಿ, ಆ ಸ್ಪೀಕರ್ ಒತ್ತು, ಮೆಲ್ಲಗೆ, ಅಪ್ಪ ಮಲಗಿದ್ದಾರೆ, ಅವಳು ಬೆರಳು ಚಾಚಿ ಒತ್ತಿದಳು, ಮೇಷ್ಟ್ರ ದನಿ ಅಡುಗೆಮನೆಯ ತುಂಬ, ಏನಮ್ಮಾ, ಜಡೆ ಆಯ್ತಾ ಇಲ್ಲಾ ಕೂದಲು ಇನ್ನೂ ಬೆಳೀತಿದೆಯಾ, ಹಿಂದಿನಿಂದ ಯಂತ್ರದ ಸದ್ದು, ಪ್ರಿಂಟಿನ ಅಂಗಡಿಯಲ್ಲೇ ನಿಂತಿದ್ದಾರೆ. ಆಯ್ತು ಮೇಷ್ಟ್ರೇ. ನಾಲ್ಕಾ ಐದಾ? ಅದು ಮೇಷ್ಟ್ರೇ, ಅವತ್ತು ಮೂರು ಅಂದಿದ್ದೆ ನೋಡಿ — ಹೌದು, ನೀನೇ ಅಂದಿದ್ದೆ, ಅದಕ್ಕೇ ಹೇಳ್ತಿದೀನಿ, ನಾಲ್ಕರ ಮೇಲೆ ಹೋಗಲಾರದು ಅಂತ ನನಗೂ ಅನಿಸ್ತು, ಬರೆಸಲಾ? ಕನ್ನಡಿಯಲ್ಲಿ ಪುಟ್ಟಿಯ ಬಾಯಿ ತೆರೆಯಿತು, ಮುಚ್ಚಲಿಲ್ಲ, ಜಡೆ ನನ್ನ ಕೈಯಲ್ಲಿ ಬಿಗಿಯಾಯಿತು, ನೋವಾಯಿತೇನೋ, ತಲೆ ಕದಲಿಸಲಿಲ್ಲ, ಹೂಂ ಮೇಷ್ಟ್ರೇ, ನಾಲ್ಕು ಅಂತ ಬರೆ — ಅಮ್ಮಾ. ತಡಿ ಪುಟ್ಟಿ. ಅಮ್ಮಾ, ನಾನು ಗಾಜಿನಿಂದ ನೋಡ್ತಿದ್ದೆ. ಯಂತ್ರದ ಸದ್ದು, ಬಚ್ಚಲಲ್ಲಿ ಬಕೆಟ್ಟಿಗೆ ನಲ್ಲಿಯ ಹನಿ, ಫೋನಿನಲ್ಲಿ ಮೇಷ್ಟ್ರ ಸೀಟಿ ಅಂಗಿಯ ಗುಂಡಿಗೆ ತಾಗುವ ಸಣ್ಣ ಸದ್ದು ಕೇಳುತ್ತಿದೆ, ಹೋಗಲಿ ಬಿಡು ಅನ್ನಬೇಕು, ಬಾಯಿಗೆ ಬರುವುದು ಹದಿಮೂರ್ನಾಲ್ಕ್ಲ, ಹದಿಮೂರ್ನಾಲ್ಕ್ಲ, ಕನ್ನಡಿಯಲ್ಲಿ ಎರಡು ಕಣ್ಣು, ಒಂದು ಜಡೆ, ಅದರಾಚೆ ನಾನು, ಬಿಳಿ ಪಟ್ಟೆ, ಬಿಳಿ ಪಟ್ಟೆಯ ಮೇಲೆ ಕೆಂಪು ಶೂ —

ಅಮ್ಮಾ, ಗುಡ್ಡದಲ್ಲಿ ಯಾಕೆ ಕಾಲು ಕೆಳಗಿಟ್ಟೆ?