ಅಲ್ಲಾಡದ ಮುಳ್ಳು

ನಮ್ಮ ಟೀಮ್ ಲೀಡ್ ಮನೋಹರ್‌ಗೆ ಪ್ರೋಗ್ರಾಮಿಂಗ್ ಬರುತ್ತದೆ ಎಂದು ಹೆಬ್ಬಾಳದ ನಮ್ಮ ಆಫೀಸಿನಲ್ಲಿ ನಂಬುವವನು ಒಬ್ಬನೇ, ಸ್ವತಃ ಮನೋಹರ್. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಎಲ್ಲಕ್ಕೂ ಕಂಪ್ಯೂಟರ್ ಸರಿಯಿಲ್ಲ ಎನ್ನುತ್ತಾನೆ.

ಯಶವಂತಪುರದ ಈರುಳ್ಳಿ ಮಂಡಿಯ ಮಹಾಲಿಂಗಪ್ಪನವರಿಗೆ ತೂಕದ ಸಾಫ್ಟ್‌ವೇರ್ ಮಾಡುತ್ತಿದ್ದೆವು. ತಕ್ಕಡಿಗೆ ಮೂಟೆ ಹಾಕಿದರೆ ಪರದೆಯ ಮೇಲೆ ನಾನು ಬರೆದ ದುಂಡು ಡಯಲ್‌ನ ಮುಳ್ಳು ತಿರುಗಬೇಕು. ತಿರುಗುತ್ತಿರಲಿಲ್ಲ. ಹೊಸ ತೂಕ ಒಳಗೆ ಬಂದು ಕೂತಿದ್ದರೂ ಚಿತ್ರ ಮಾತ್ರ ಹಳೆಯದೇ. ವಿಂಡೋ ಇಳಿಸಿ ಮತ್ತೆ ಎತ್ತಿದರೆ ಸರಿಹೋಗುತ್ತಿತ್ತು. ತೂಕ ಬದಲಾದಾಗ ಡಯಲನ್ನು ಮತ್ತೆ ಬರೆ ಎಂದು ಕಂಪ್ಯೂಟರ್‌ಗೆ ಹೇಳುವ ಒಂದು ಸಾಲು ಕೋಡ್ ಬೇಕಿತ್ತು, ಅಷ್ಟೆ. ಸೇರಿಸಿದೆ. ಮನೋಹರ್ ಅಳಿಸಿದ.

"ಅದು ಹಾಕಿದ್ರೆ ಪರದೆ ಮಿಣಮಿಣ ಅನ್ನುತ್ತೆ ಸ್ಮಿತಾ. ಮಿನಿಮೈಸ್ ಮಾಡಿ ಓಪನ್ ಮಾಡಿದ್ರೆ ಬರುತ್ತಲ್ಲ, ಡೆಮೋದಲ್ಲಿ ನಾನ್ ನೋಡ್ಕೋತೀನಿ. ಎಡವಟ್ಟಾದ್ರೆ ಡಯಲ್ ಬರ್ದಿದ್ದು ನೀವು. ಕೆಲ್ಸ ಹೋಗೋದೂ ನಿಮ್ದೇ."

ಮೈ ಉರಿಯಿತು. ಆದರೂ ಡೆಮೋ ದಿನ ಲ್ಯಾಪ್‌ಟಾಪ್ ಹೊತ್ತು ಅವನ ಹಿಂದೆ ಮಂಡಿಗೆ ಹೋದೆ.

ಮೊದಲ ಮೂಟೆ ತಕ್ಕಡಿ ಏರಿತು. ಮನೋಹರ್ ಜೇಬುಗಳ್ಳನ ಚುರುಕಿನಲ್ಲಿ ವಿಂಡೋ ಇಳಿಸಿ ಎತ್ತಿದ. ಮುಳ್ಳು ಸರಿಯಾಗಿ ನಿಂತಿತು. ಈ ವಿದ್ಯೆಗೆ ಅವನ ಮುಖದಲ್ಲಿ ಎಂಥ ಹೆಮ್ಮೆ!

ಅಷ್ಟರಲ್ಲಿ ಚಹಾ ಬಂತು. ಆ ಅಂಗಡಿಯಲ್ಲಿ ಬಂದವರ ಕೈ ಖಾಲಿ ಇರಬಾರದು. ಮಹಾಲಿಂಗಪ್ಪನವರೇ ಅವನ ಒಂದು ಕೈಗೆ ಕಪ್ಪು, ಇನ್ನೊಂದಕ್ಕೆ ಮಿರ್ಚಿ ತಟ್ಟೆ ಕೊಟ್ಟರು. ಮೇಜಿನ ತುಂಬ ಸ್ಯಾಂಪಲ್ ಈರುಳ್ಳಿ, ಇಡಲು ಜಾಗವಿಲ್ಲ. ಹಮಾಲರು ಮೂಟೆ ಇಳಿಸಿ ಸಣ್ಣದೊಂದು ಚೀಲ ಹಾಕಿದರು. ಮುಳ್ಳು ಅಲ್ಲಾಡಲಿಲ್ಲ.

"ಸಣ್ಣ ಚೀಲಕ್ಕೂ ಅಷ್ಟ ತೂಕ ತೋರಸ್ತೈತಲ್ರಿ?" ಎಂದರು ಮಹಾಲಿಂಗಪ್ಪ.

"ಡಯಲ್ ಬರ್ದಿದ್ದು ಇವ್ರು ಸರ್," ಎಂದ ಮನೋಹರ್, ಗದ್ದದಿಂದ ನನ್ನನ್ನು ತೋರಿಸಿ. ಆಮೇಲೆ ಪಿಸುಗುಟ್ಟಿದ, "ಮಿನಿಮೈಸ್ ಮಾಡಿ, ಬೇಗ."

ಮೌಸ್ ನನ್ನ ಪಕ್ಕದಲ್ಲೇ ಇತ್ತು. ಒತ್ತಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಇಂಥವನ ಮಾನ ಉಳಿಸಿ ಉಳಿಯುವ ಕೆಲಸ ನನಗೆ ಬೇಡವಾಗಿತ್ತು.

"ಇಲ್ಲ ಸರ್. ನೀವು ಅಳಿಸಿದ ಸಾಲನ್ನ ವಾಪಸ್ ಹಾಕ್ತೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹಾಕಿ, ಪ್ರೋಗ್ರಾಮ್ ಮತ್ತೆ ಶುರುಮಾಡಿದೆ. ಚೀಲ ಇಳಿಸಿದರು, ಮುಳ್ಳು ಸೊನ್ನೆಗೆ ಇಳಿಯಿತು. ಹಾಕಿದರು, ಏರಿತು. ಮಿಣಮಿಣ ಏನೂ ಇಲ್ಲ.

"ಅದೇ, ನಾನ್ ಹೇಳಿದ್ದೂ ಅದೇ," ಎಂದ ಮನೋಹರ್, ಖಾಲಿ ಕಪ್ಪನ್ನು ಈರುಳ್ಳಿ ಮೇಲೆ ಇಟ್ಟು ಮೌಸ್‌ಗೆ ಕೈ ಚಾಚುತ್ತ.

"ಇನ್ನ ಮ್ಯಾಲ ನಮ್ಮ ಕೆಲಸಾ ನೀನ ನೋಡವಾ," ಎಂದು ನನಗೆ ಹೇಳಿದ ಮಹಾಲಿಂಗಪ್ಪ ಹಿಂದೆ ತಿರುಗಿದರು. "ಸಾಹೇಬ್ರಿಗೆ ಇನ್ನೊಂದು ಚಾ ತರ್ರಿ. ಅವರ ಕೈ ಖಾಲಿ ಬಿಡಬ್ಯಾಡ್ರಿ."